ಬಡಾವಣೆಯ ನಾಟಕ ತಂಡ ಜನರ ದುಡ್ಡಲ್ಲೇ ನಡೀಬಹುದಾ?

ಪ್ರಶ್ನೆ: ನಮಸ್ತೆ ಸರ್. ಮೈಸೂರಲ್ಲಿ ಕುವೆಂಪುನಗರದ ಹತ್ರ ನಮ್ಮದೊಂದು ಸಣ್ಣ ಹವ್ಯಾಸಿ ನಾಟಕ ತಂಡ ಇದೆ. ಸೊಸೈಟಿ ಅಂತ ರಿಜಿಸ್ಟರ್ ಆಗಿದೆ, ಯಾರೂ ಸಂಬಳ ತಗೊಳಲ್ಲ. ಒಂದು ಮನೆಯ ಮಹಡಿ ಮೇಲೆ ಹಾಲ್ ಬಾಡಿಗೆಗೆ ತಗೊಂಡಿದ್ದೀವಿ. ರಿಹರ್ಸಲ್ಲೂ ಅಲ್ಲೇ, ಶೋನೂ ಅಲ್ಲೇ, 80 ಜನ ಕೂರಬಹುದು. ಬೇಸಿಗೇಲಿ ಮಕ್ಕಳ ಶಿಬಿರ ಮಾಡ್ತೀವಿ. ಶೋ ಎಲ್ಲಾ ಫ್ರೀ, ಕೊನೇಲಿ ಬಾಗಿಲ ಹತ್ರ ಡಬ್ಬಿ ಇಡ್ತೀವಿ, ಅದರಲ್ಲಿ ಬೀಳೋದು ಟೀ ಖರ್ಚಿಗೂ ಸಾಲಲ್ಲ. ಇಲ್ಲೀತನಕ ಹಿರಿಯರೊಬ್ಬರು ಅರ್ಧ ಬಾಡಿಗೆ ಕೊಡ್ತಿದ್ರು, ಅವರು ಹೋದ ವರ್ಷ ತೀರಿಕೊಂಡ್ರು. ಈಗ ಓನರ್ ಬಾಡಿಗೆನ 15,000ದಿಂದ 20,000ಕ್ಕೆ ಏರಿಸ್ತೀನಿ ಅಂತಿದ್ದಾರೆ. ಲೇಔಟ್ ಮಾಡೋ ಒಬ್ಬರು ಒಂದು ವರ್ಷದ ಬಾಡಿಗೆ ಪೂರ್ತಿ ಕೊಡ್ತೀನಿ, ಆದ್ರೆ ತಂಡದ ಹೆಸರಿನ ಮುಂದೆ ನಮ್ಮ ಸಂಸ್ಥೆ ಹೆಸರು ಇರಬೇಕು ಅಂತಾರೆ. ತಂಡದಲ್ಲಿ ಕೆಲವರು ಟಿಕೆಟ್ ಇಡೋಣ ಅಂತಾರೆ, ಕೆಲವರು ಟಿಕೆಟ್ ಇಟ್ರೆ ಇರೋ ಜನನೂ ಬರಲ್ಲ ಅಂತಾರೆ, ಒಬ್ಬರಂತೂ ಇದನ್ನ ಪ್ರೈವೇಟ್ ಆಕ್ಟಿಂಗ್ ಅಕಾಡೆಮಿ ಮಾಡ್ಬಿಡೋಣ ಅಂತಿದ್ದಾರೆ. ಏರಿಯಾ ಜನರ ಬೆಂಬಲದಿಂದಲೇ ಒಂದು ತಂಡ ನಿಲ್ಲೋದು ನಿಜವಾಗ್ಲೂ ಸಾಧ್ಯನಾ, ಇಲ್ಲ ಅದು ಬರೀ ಭಾಷಣದ ಮಾತಾ?

ಉತ್ತರ: ಪತ್ರದಲ್ಲಿ ಮೇಲೆ ಕಾಣೋದು ಬಾಡಿಗೆ ವಿಚಾರ, ಆದ್ರೆ ನಿಮಗೆ ಒಳಗೆ ಚುಚ್ತಾ ಇರೋದು ಇನ್ನೊಂದು ಅನ್ಸುತ್ತೆ. ಇಷ್ಟು ವರ್ಷ ಈ ಏರಿಯಾದಲ್ಲಿ ನಾಟಕ ಆಡಿದ್ವಲ್ಲ, ಇಲ್ಲಿನವರಿಗೆ ನಾವು ಬೇಕಾ ಬೇಡ್ವಾ, ಅದು. ರಂಗತಂಡಗಳ ಲೆಕ್ಕ, ಆಡಳಿತ ನೋಡ್ಕೊಂಡು ಬಂದಿರೋನಾಗಿ ನಾನು ಹೇಳೋದು ಇಷ್ಟೇ, ನೀವಿನ್ನೂ ಅವರನ್ನ ಕೇಳೇ ಇಲ್ಲ. ಡಬ್ಬಿ ಇಟ್ಟ ಮಾತ್ರಕ್ಕೆ ಕೇಳಿದ ಹಾಗಾಗಲ್ಲ. ನಾಟಕ ಮುಗಿದು ಜನ ಚಪ್ಪಲಿ ಹುಡುಕ್ತಾ, ಮಕ್ಕಳನ್ನ ಎಳ್ಕೊಂಡು, ಗಾಡಿ ಕೀ ಜೇಬಿಂದ ತೆಗೀತಾ ಇರೋವಾಗ ಡಬ್ಬಿ ಕಾಣುತ್ತೆ, ಕೈಗೆ ಸಿಕ್ಕಿದ ಹತ್ತೋ ಇಪ್ಪತ್ತೋ ಹಾಕ್ತಾರೆ, ಈಗಂತೂ ಎಷ್ಟೋ ಜನರ ಜೇಬಲ್ಲಿ ನೋಟೇ ಇರಲ್ಲ. ನಿಮ್ಮ ಬಾಡಿಗೆ ಎಷ್ಟು, ಯಾರು ಕಟ್ತಿದ್ರು, ಈಗ ಯಾರೂ ಇಲ್ಲ ಅನ್ನೋದು ಆ ಡಬ್ಬಿ ನೋಡಿ ಯಾರಿಗೆ ತಾನೇ ಗೊತ್ತಾಗುತ್ತೆ ಹೇಳಿ.

ಜನ ನಾಟಕಕ್ಕೆ ದುಡ್ಡು ಬಿಚ್ಚಲ್ಲ ಅಂತ ನಿಮ್ಮಲ್ಲಿ ಯಾರಾದ್ರೂ ನಂಬಿದ್ರೆ ಒಂದ್ಸಲ ಮಂಡ್ಯ ಕಡೆ ಪೌರಾಣಿಕ ನಾಟಕಕ್ಕೆ ಹೋಗಿ ಬನ್ನಿ, ಇದನ್ನ ಮನಸ್ಸಿಟ್ಟು ಹೇಳ್ತಿದ್ದೀನಿ. ಕುರುಕ್ಷೇತ್ರ ನಾಟಕ ಅಂದ್ರೆ ಅಲ್ಲಿ ಪಾತ್ರಕ್ಕೆ ದುಡ್ಡು ಕೊಡೋದು ಪಾತ್ರ ಮಾಡೋನೇ. ದುರ್ಯೋಧನ, ಕೃಷ್ಣ, ಭೀಮನ ಪಾತ್ರಕ್ಕೆ ಜಾಸ್ತಿ, ಸಣ್ಣ ಪಾತ್ರಕ್ಕೆ ಕಮ್ಮಿ. ಹಂಗೆ ಸೇರಿದ ದುಡ್ಡಲ್ಲೇ ಹಾರ್ಮೋನಿಯಂ ಮೇಷ್ಟ್ರು, ಸೀನರಿ, ಡ್ರೆಸ್ಸು, ಲೈಟು, ಮೈಕು ಎಲ್ಲಾ. ದುರ್ಯೋಧನ ಸ್ಟೇಜಿಗೆ ಬಂದು ಒಂದು ಕಂದ ಪದ್ಯ ಹಾಡಿ ನಿಲ್ತಾನೆ, ಅಷ್ಟರಲ್ಲಿ ಅವನ ಭಾವಮೈದ, ಅಳಿಯ, ಜೊತೆಗಾರರು ಹಾರ ಹಿಡ್ಕೊಂಡು ಮೇಲೆ ಹತ್ತುತಾರೆ, ಒಬ್ಬರು ಬೆರಳಿಗೆ ಉಂಗುರ ಹಾಕ್ತಾರೆ, ಇನ್ನೊಬ್ಬರು ನೋಟಿನ ಹಾರ, ಮೈಕಲ್ಲಿ ಒಬ್ಬೊಬ್ಬರ ಹೆಸರೂ ಊರೂ ಕೂಗ್ತಾರೆ, ಮೇಷ್ಟ್ರು ಅಷ್ಟೊತ್ತೂ ಶ್ರುತಿ ಬಿಡದೆ ಹಿಡ್ಕೊಂಡೇ ಇರ್ತಾರೆ. ಇವರು ಯಾರೂ ಕೋಟ್ಯಧಿಪತಿಗಳಲ್ಲ, ಕಬ್ಬಿನ ಬಿಲ್ಲು ಯಾವಾಗ ಬರುತ್ತೆ ಅಂತ ಕಾಯೋ ರೈತರು, ಮೇಷ್ಟ್ರುಗಳು, ಅಂಗಡಿಯವರು. ನಾಟಕ ಅವರದ್ದು, ಆಡೋನು ಅವರೋನು, ಕೊಟ್ಟಿದ್ದು ಊರೆಲ್ಲಾ ಕೇಳುತ್ತೆ. ಈ ಮೂರೂ ಕೂಡಿದ್ರೆ ನಮ್ಮ ಜನ ಕೈ ಬಿಚ್ಚಿ ಕೊಡ್ತಾರೆ. ನಿಮ್ಮ ತಂಡದಲ್ಲಿ ಈ ಮೂರರಲ್ಲಿ ಯಾವುದಿದೆ ಅಂತ ನೀವೇ ಕೂತು ಯೋಚಿಸಿ.

ಮೈಸೂರಲ್ಲೇ ಬೇಕು ಅಂದ್ರೆ ವಿ.ವಿ. ಮೊಹಲ್ಲಾ 8ನೇ ಕ್ರಾಸಿನ ಗಣಪತಿ ಸಂಗೀತೋತ್ಸವ ನೋಡಿ, ರಸ್ತೇಲಿ ಪೆಂಡಾಲ್ ಹಾಕಿ ದೊಡ್ಡ ದೊಡ್ಡ ವಿದ್ವಾಂಸರ ಕಚೇರಿ ಮಾಡಿಸ್ತಾರೆ, ಅದು ಒಂದು ಬಡಾವಣೆಯ ಹಬ್ಬವಾಗಿ ಶುರುವಾಗಿ ಇವತ್ತು ಇಡೀ ಊರಿಗೆ ಗೊತ್ತಿರೋ ಉತ್ಸವ. ಶಿವಮೊಗ್ಗ ಜಿಲ್ಲೆ ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ ಕೂಡ 1949ರಲ್ಲಿ ಹಳ್ಳಿಯ ಗೆಳೆಯರ ಕೂಟವಾಗಿ ಶುರುವಾಗಿದ್ದು, ರಂಗಶಿಕ್ಷಣ ಕೇಂದ್ರ ಬಂದಿದ್ದು 1980ರಲ್ಲಿ, ಊರೂರಿಗೆ ನಾಟಕ ಒಯ್ಯೋ ಅವರ ತಂಡ ತಿರುಗಾಟ 1985ರಲ್ಲಿ, ಅಂದ್ರೆ ಮೂವತ್ತು ವರ್ಷ ಊರಿನವರ ಜೊತೆ ಬದುಕಿದ ಮೇಲೆ. ತಿರುಗಾಟ ಬೇರೆ ಊರಿಗೆ ಬಂದಾಗಲೂ ಅಷ್ಟೇ, ಆ ಊರಿನ ಸಂಘದೋರು ಶೋ ತಗೊಂಡು, ಹಾಲ್ ಮಾತಾಡಿ, ಕಲಾವಿದರಿಗೆ ಊಟ ವಸತಿ ನೋಡ್ಕೊಂಡು ನಡೆಸೋದು.

ಇನ್ನು ರಂಗಾಯಣದ ಜೊತೆ ನಿಮ್ಮನ್ನ ಹೋಲಿಸ್ಕೊಂಡು ಬೇಜಾರಾಗೋದು ಬೇಡ. ಮೈಸೂರಿನ ಎಷ್ಟೋ ಸಣ್ಣ ತಂಡಗಳಿಗೆ ಈ ಕೊರಗಿದೆ, ಅಲ್ಲಿ ಬಹುರೂಪಿ ನಾಟಕೋತ್ಸವಕ್ಕೆ ಅಷ್ಟು ಜನ ಸೇರ್ತಾರೆ, ಮಕ್ಕಳ ಶಿಬಿರ ಚಿಣ್ಣರ ಮೇಳಕ್ಕೆ ಸೀಟು ಸಿಗಲ್ಲ, ನಮಗೆ ಯಾಕೆ ಹಿಂಗೆ ಅಂತ. ಅದು 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಸರ್ಕಾರವೇ ಕಟ್ಟಿದ ಸಂಸ್ಥೆ, ಸ್ವಂತ ಆವರಣ ಇದೆ, ಭೂಮಿಗೀತ, ವನರಂಗ ಅನ್ನೋ ರಂಗಮಂದಿರಗಳಿವೆ, ಸಂಬಳದ ಕಲಾವಿದರ ಮೇಲೆ ನಿಂತಿದ್ದು. ಸೂರಿನ ಚಿಂತೆ ಅವರಿಗಿಲ್ಲ, ನಿಮಗಿರೋದೇ ಅದೊಂದು.

ಈಗ ಟಿಕೆಟ್ ವಿಚಾರ. ಎರಡು ಕಡೆಯವರೂ ಅರ್ಧರ್ಧ ಸರಿ. ನಿಮ್ಮದೇ ಲೆಕ್ಕ ಹಾಕೋಣ. 80 ಸೀಟು, ತಲಾ 100 ರೂಪಾಯಿ, ಹೌಸ್‌ಫುಲ್ ಆದ್ರೆ 8,000. ಲೈಟ್ ಬಾಡಿಗೆ, ಮೇಕಪ್ಪು, ಸಾಮಾನು ತರೋ ಗೂಡ್ಸ್ ಆಟೋ, ಕಲಾವಿದರ ತಿಂಡಿ ಕಾಫಿ, ನಾಟಕಕಾರರಿಗೆ ಕೊಡಬೇಕಾದ ಗೌರವಧನ (ಇದನ್ನ ಎಷ್ಟೋ ತಂಡ ಮರೆತೇಬಿಡುತ್ತೆ, ಲೇಖಕರು ತೀರಿಕೊಂಡು 60 ವರ್ಷದ ತನಕ ಹಕ್ಕು ಅವರ ಮನೆಯವರದ್ದು, ಅನುಮತಿ ಬರಹದಲ್ಲಿ ತಗೊಳಿ) ಎಲ್ಲಾ ಸೇರಿ 4,000 ಹೋಯ್ತು ಅಂದ್ಕೊಳಿ. ಉಳಿದಿದ್ದು 4,000. ಬಾಡಿಗೆ ಒಂದಕ್ಕೇ ತಿಂಗಳಿಗೆ ಐದು ಹೌಸ್‌ಫುಲ್ ಶೋ ಬೇಕು. ಹಗಲು ಕೆಲಸಕ್ಕೆ ಹೋಗೋ ಹುಡುಗ್ರು ಹುಡುಗೀರು ಅದನ್ನ ಹೆಂಗೆ ಮಾಡ್ತಾರೆ? ಹಾಗಾಗಿ ಟಿಕೆಟ್ ದುಡ್ಡಲ್ಲಿ ಬಾಡಿಗೆ ಕಟ್ತೀವಿ ಅನ್ನೋದು ಸುಳ್ಳು ನಂಬಿಕೆ. ಆದ್ರೆ ಟಿಕೆಟ್ ಇಟ್ರೆ ಯಾರೂ ಬರಲ್ಲ ಅನ್ನೋದೂ ಅಷ್ಟೇ ಸುಳ್ಳು. ಮೊದಲ ಎರಡು ಮೂರು ಶೋಗೆ ಜನ ಇಳೀತಾರೆ, ಅದು ನಿಜ, ಅದಕ್ಕೆ ತಯಾರಿರಿ. ಆಮೇಲೆ ಬರೋರು ಟೈಮಿಗೆ ಸರಿಯಾಗಿ ಬರ್ತಾರೆ, ಮಧ್ಯ ಎದ್ದು ಹೋಗಲ್ಲ, ಮುಂದಿನ ನಾಟಕ ಯಾವಾಗ ಅಂತ ಕೇಳ್ತಾರೆ. ನಾಟಕದ ಪ್ರವೇಶಕ್ಕೆ ಒಬ್ಬರಿಗೆ 500 ರೂಪಾಯಿ ತನಕ ಜಿಎಸ್‌ಟಿ ಇಲ್ಲ, ಆ ಭಯ ಬೇಡ. ಕೊಡಕ್ಕಾಗದೇ ಇರೋರಿಗೆ, ಸ್ಟೂಡೆಂಟ್ಸಿಗೆ ಒಂದಿಷ್ಟು ಸೀಟು ಬಿಟ್ಟಿಡಿ, ಅವರನ್ನ ಬಾಗಿಲಲ್ಲಿ ನಿಲ್ಲಿಸಿ ಪ್ರಶ್ನೆ ಕೇಳ್ಬೇಡಿ.

ನಾನು ತಂಡಗಳಿಗೆ ಹೇಳೋ ಸೂತ್ರ ಒಂದೇ: ನಾಟಕದ ಖರ್ಚು ನಾಟಕ ದುಡೀಲಿ, ಸೂರಿನ ಖರ್ಚು ಊರು ಹೊರಲಿ. ಎರಡಕ್ಕೂ ಬೇರೆ ಬೇರೆ ಪುಸ್ತಕ. ಇವೆರಡನ್ನ ಕಲಸಿ ಇಟ್ಕೊಂಡಿರೋದ್ರಿಂದಲೇ ನಿಮಗೆ ಎಲ್ಲಿ ಸೋರ್ತಿದೆ ಅಂತ ಕಾಣ್ತಿಲ್ಲ, ಹಿರಿಯರು ಅರ್ಧ ಬಾಡಿಗೆ ಕೊಡ್ತಿದ್ದಾಗ ಆ ತೂತು ಮುಚ್ಚಿಕೊಂಡಿತ್ತು, ಅಷ್ಟೇ. ಅವರು ದೊಡ್ಡ ಮನಸ್ಸಿನೋರು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಒಬ್ಬರ ಮೇಲೆ ಅಷ್ಟು ಭಾರ ಹಾಕಿದ ತಂಡ ಅವರ ಆರೋಗ್ಯದಷ್ಟೇ ಗಟ್ಟಿ.

ಸೂರಿನ ಖರ್ಚು ಊರು ಹೊರೋದು ಹೆಂಗೆ ಅಂದ್ರೆ, ತಿಂಗಳ ಲೆಕ್ಕದಲ್ಲಿ. 100 ಮನೆ, ಮನೆಗೆ 200 ರೂಪಾಯಿ, ಅಲ್ಲಿಗೆ 20,000. ನಿಮ್ಮ ಶಿಬಿರಕ್ಕೆ ಇಷ್ಟು ವರ್ಷ ಮಕ್ಕಳನ್ನ ಕಳಿಸಿದ ಅಪ್ಪ ಅಮ್ಮಂದಿರ ಫೋನ್ ನಂಬರ್ ನಿಮ್ಮ ಹತ್ರ ಇದೆಯಾ? ಬಹಳ ತಂಡಗಳಲ್ಲಿ ಇರಲ್ಲ, ಶಿಬಿರದ ಅಪ್ಲಿಕೇಶನ್ ಫಾರಂ ಯಾರದ್ದೋ ಮನೆ ಅಟ್ಟದಲ್ಲಿ ಬಿದ್ದಿರುತ್ತೆ. ಮೊದಲು ಅದನ್ನ ಇಳಿಸಿ, ಒಂದು ಪಟ್ಟಿ ಮಾಡಿ. ತಮ್ಮ ಮಗು ಮೊದಲ ಸಲ ಸ್ಟೇಜ್ ಮೇಲೆ ನಿಂತು ಗಟ್ಟಿಯಾಗಿ ಮಾತಾಡಿದ್ದು ನೋಡಿ ಕಣ್ಣು ಒರೆಸಿಕೊಂಡಿರೋ ಜನ ಅವರು, ನಿಮ್ಮ ಬೆಂಬಲಿಗರು ಎಲ್ಲೋ ಹೊರಗಿಲ್ಲ, ಆ ಫಾರಂಗಳಲ್ಲೇ ಇದ್ದಾರೆ. ಅವರಿಗೆ ವಾಟ್ಸಾಪಲ್ಲಿ ಪೋಸ್ಟರ್ ಫಾರ್ವರ್ಡ್ ಮಾಡಿದ್ರೆ ಆಗಲ್ಲ, ಇಬ್ಬಿಬ್ಬರು ಮನೆಗೆ ಹೋಗಿ, ಕೂತು ಮಾತಾಡಿ. ಕೇಳೋವಾಗ ರಂಗಭೂಮಿ ಉಳಿಸಿ ಅನ್ಬೇಡಿ, ಅದು ಯಾರ ತಲೆಗೂ ಹತ್ತಲ್ಲ. ಹಾಲಿನ ಬಾಡಿಗೆ ಇಷ್ಟು, ಕರೆಂಟ್ ಬಿಲ್ಲು ಇಷ್ಟು, ನೂರು ಮನೆ ಸೇರಿ ಹೊರೋಣ ಅಂತಿದ್ದೀವಿ, ನಿಮ್ಮ ಮನೆ ಒಂದಾಗುತ್ತಾ ಅಂತ ಕೇಳಿ. ಆಗಲ್ಲ ಅಂದ್ರೆ ಮುಖ ಸಣ್ಣ ಮಾಡ್ಕೋಬೇಡಿ, ಮುಂದಿನ ನಾಟಕಕ್ಕೆ ಬನ್ನಿ ಅಂತ ಕರೆದು ಬನ್ನಿ.

ಒಪ್ಪಿದೋರಿಗೆ ಯುಪಿಐ ಆಟೋಪೇ ಹಾಕಿಸಿ, ಪ್ರತಿ ತಿಂಗಳು ನೆನಪಿಸೋ ಮುಜುಗರ ಎರಡು ಕಡೆಗೂ ತಪ್ಪುತ್ತೆ. ಆಮೇಲೆ ಹಾಲಿನ ಬಾಗಿಲಲ್ಲಿ ಪ್ರತಿ ತಿಂಗಳು ಒಂದು ಹಾಳೆ ಅಂಟಿಸಿ: ಬಂದಿದ್ದು ಇಷ್ಟು, ಬಾಡಿಗೆ ಇಷ್ಟು, ಕರೆಂಟು ಇಷ್ಟು, ಹಳೇ ಪರದೆ ಹೊಲಿಸಿದ್ದಕ್ಕೆ ಇಷ್ಟು, ಕೈಯಲ್ಲಿ ಉಳಿದಿದ್ದು ಇಷ್ಟು. ಕೈಬರಹದಲ್ಲೇ ಇರಲಿ. ನಾಟಕ ಶುರುವಾಗೋ ಮುಂಚೆ ಆ ತಿಂಗಳು ಹೊಸದಾಗಿ ಸೇರಿದ ಮನೆಗಳ ಹೆಸರು ಹೇಳಿ, ಹೆಸರು ಬೇಡ ಅಂದೋರದ್ದು ಬಿಡಿ. ಮಂಡ್ಯದ ಮೈಕಿಂದ ಕಲೀಬೇಕಾದ್ದು ಇದೇ.

ಇದರಲ್ಲೂ ತೊಂದರೆಗಳಿವೆ. ಮೊದಲ ತಿಂಗಳೇ ನೂರು ಮನೆ ಸಿಗಲ್ಲ, ಮೂವತ್ತೋ ನಲವತ್ತೋ ಸಿಕ್ಕಿದ್ರೆ ಒಳ್ಳೇ ಶುರು, ಉಳಿದಿದ್ದು ತುಂಬೋತನಕ ಶಿಬಿರದ ದುಡ್ಡಲ್ಲಿ ಎಳೀಬೇಕಾಗುತ್ತೆ. ಮನೆ ಬದಲಾಯಿಸಿ ಹೋಗೋರು, ಬ್ಯಾಂಕ್ ಖಾತೆ ಬದಲಾಗಿ ಆಟೋಪೇ ನಿಂತೋರು ಇದ್ದೇ ಇರ್ತಾರೆ, ಹಾಗಾಗಿ ಇದಕ್ಕೆ ಅಂತಲೇ ಒಬ್ಬರು ಬೇಕು, ಅವರು ಆ ವರ್ಷ ಪಾತ್ರ ಮಾಡದೇ ಇದ್ರೂ ಪರವಾಗಿಲ್ಲ, ಪಾತ್ರ ಮಾಡಿದೋರಷ್ಟೇ ಗೌರವ ಅವರಿಗೂ ಸಲ್ಲಬೇಕು. ಇನ್ನೊಂದು ಬಹಳ ಮುಖ್ಯ. ಈ ಮನೆಗಳೋರನ್ನ ರಸೀದಿಯಲ್ಲಿ ಸದಸ್ಯರು ಅಂತ ಬರೀಬೇಡಿ. ನೀವು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಕೆಳಗೆ ಬಂದಿರೋ ಸೊಸೈಟಿ, ಅಲ್ಲಿ ಸದಸ್ಯ ಅಂದ್ರೆ ಸರ್ವಸದಸ್ಯರ ಸಭೇಲಿ ಕೂತು ವೋಟ್ ಹಾಕೋನು. 200 ರೂಪಾಯಿ ಕೊಟ್ಟ ನೂರು ಜನ ನಾಳೆ ನಮಗೂ ವೋಟಿದೆ ಅಂತ ಬಂದು, ಯಾರೋ ಒಬ್ಬರು ಆ ವೋಟು ಸೇರಿಸ್ಕೊಂಡು ಕಮಿಟಿ ಹಿಡಿದಿದ್ದೂ ಇದೆ. ರಂಗಪೋಷಕರು ಅಂತ್ಲೋ ಇನ್ನೇನೋ ಹೆಸರಿಡಿ, ಅವರಿಗೆ ಮತದಾನದ ಹಕ್ಕಿಲ್ಲ ಅಂತ ಬೈಲಾದಲ್ಲಿ ಸ್ಪಷ್ಟವಾಗಿ ಸೇರಿಸಿ. ವೋಟಿಲ್ಲ ಅಂದ ಮಾತ್ರಕ್ಕೆ ಮಾತಿಲ್ಲ ಅಂತಲ್ಲ. ವರ್ಷಕ್ಕೊಂದ್ಸಲ ಅವರನ್ನ ಕೂರಿಸಿ ಮುಂದಿನ ವರ್ಷ ಯಾವ ಥರದ ನಾಟಕ ನೋಡ್ಬೇಕು ಅಂತ ಕೇಳಿ, ಯಾವುದನ್ನ ಆಡೋದು ಅನ್ನೋ ತೀರ್ಮಾನ ಮಾತ್ರ ತಂಡದ ಕೈಲೇ ಇರಲಿ.

ಎಲ್ಲರ ಬೆಂಬಲವೂ ದುಡ್ಡಿನ ರೂಪದಲ್ಲೇ ಬರಬೇಕು ಅಂತಿಲ್ಲ, ಇಲ್ಲೇ ಬಡಾವಣೆ ತಂಡದ ದೊಡ್ಡ ಅನುಕೂಲ ಇರೋದು. ಬಡಗಿ ಒಬ್ಬರು ಸ್ಟೇಜಿನ ಮೇಲಿಡೋ ಮರದ ಲೆವೆಲ್‌ಗಳನ್ನ ಕೂಲಿ ಇಲ್ದೆ ಮಾಡಿಕೊಡ್ತಾರೆ, ಟೈಲರ್ ಆಂಟಿ ಕಾಸ್ಟ್ಯೂಮ್ ಹೊಲೀತಾರೆ, ಶೋ ದಿನ ನಾಲ್ಕು ಮನೆಯೋರು ಚಿತ್ರಾನ್ನ, ಮೊಸರನ್ನ ಮಾಡಿ ಕಳಿಸ್ತಾರೆ. ಅದರ ಬೆಲೆಯನ್ನೂ ನಿಮ್ಮ ಪುಸ್ತಕದಲ್ಲಿ ಒಂದು ಕಡೆ ಬರೆದಿಡಿ, ಆಗ ತಂಡಕ್ಕೆ ಊರು ನಿಜವಾಗಿ ಎಷ್ಟು ಕೊಡ್ತಿದೆ ಅಂತ ನಿಮಗೇ ಗೊತ್ತಾಗುತ್ತೆ. ಜಾಗದ ವಿಚಾರದಲ್ಲೂ ಕೇಳಿ ನೋಡಿ. ಸ್ಕೂಲಿನ ಹಾಲ್ ಸಂಜೆ ಐದರ ಮೇಲೆ ಖಾಲಿ. ಛತ್ರಗಳಿಗೆ ಆಷಾಢದಲ್ಲಿ, ಧನುರ್ಮಾಸದಲ್ಲಿ ಮದುವೆನೇ ಇಲ್ಲ, ಕರೆಂಟ್ ಮತ್ತೆ ಕ್ಲೀನಿಂಗ್ ಖರ್ಚು ಕೊಟ್ರೆ ಸಾಕು ಅನ್ನೋ ಓನರ್‌ಗಳಿದ್ದಾರೆ, ಅಲ್ಲಿ 80ರ ಜಾಗದಲ್ಲಿ 300 ಜನಕ್ಕೆ ನಾಟಕ ತೋರಿಸಬಹುದು, ದೊಡ್ಡ ಕಲೆಕ್ಷನ್ ಆಗೋ ಶೋಗಳನ್ನ ಆ ಎರಡು ತಿಂಗಳಿಗೆ ಇಟ್ಕೊಳಿ. ಅಕ್ಕಪಕ್ಕದ ಮನೆಯೋರ ಜೊತೆ ಸಂಬಂಧ ಕೆಡಿಸ್ಕೋಬೇಡಿ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕೋ ಹಾಗಿಲ್ಲ ಅನ್ನೋದು ಕಾನೂನು, ತಮಟೆ ನಗಾರಿ ರಿಹರ್ಸಲ್ಲನ್ನ ಎಂಟೂವರೆಗೇ ಮುಗಿಸೋದು ಒಳ್ಳೇತನ. ಗೇಟಿನ ಮುಂದೆ ಬೈಕ್ ನಿಲ್ಲಿಸೋ ಜಗಳದಿಂದ ಓನರ್ ಮನಸ್ಸು ಕೆಟ್ಟು ಜಾಗ ಕಳ್ಕೊಂಡ ತಂಡಗಳು, ದುಡ್ಡಿಲ್ದೆ ಕಳ್ಕೊಂಡೋರಿಗಿಂತ ಕಮ್ಮಿ ಏನಿಲ್ಲ.

ಸರ್ಕಾರದ ಸಹಾಯಧನಕ್ಕೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಅರ್ಜಿ ಹಾಕಿ, ಹಾಕ್ಲೇಬೇಕು, ಅದು ನಿಮ್ಮ ತೆರಿಗೆ ದುಡ್ಡು. ಆದ್ರೆ ಅದು ಬರೋದು ಯಾವಾಗ ಅಂತ ಹೇಳಕ್ಕಾಗಲ್ಲ, ಬಂದ್ರೂ ಕೇಳಿದಷ್ಟು ಬರಲ್ಲ, ಬಿಲ್ಲು, ಫೋಟೋ, ಆಡಿಟ್ ಎಲ್ಲಾ ಸರಿಯಿರಬೇಕು. ಬಂದಾಗ ಲೈಟು, ಸೌಂಡು, ಪರದೆ ಅಂತ ಉಳಿಯೋ ವಸ್ತುಗಳಿಗೆ ಹಾಕಿ, ಬಾಡಿಗೆಯನ್ನ ಅದರ ಮೇಲೆ ನಿಲ್ಲಿಸ್ಬೇಡಿ.

ದಾನ ಕೊಟ್ಟೋರಿಗೆ ಆದಾಯ ತೆರಿಗೇಲಿ ವಿನಾಯಿತಿ ಕೊಡಿಸೋ 80ಜಿ ನೋಂದಣಿ ಮಾಡಿಸಿದ್ರೆ ದಾನಿಗಳು ಸಾಲುಗಟ್ತಾರೆ ಅಂತ ಯಾರೋ ಹೇಳಿರ್ತಾರೆ. ಮಾಡಿಸೋದು ಒಳ್ಳೇದು, ಆದ್ರೆ ಹೊಸ ತೆರಿಗೆ ಪದ್ಧತಿಯಲ್ಲಿ ಇರೋರಿಗೆ ಆ ವಿನಾಯಿತಿ ಸಿಗಲ್ಲ, ಸಂಬಳದೋರಲ್ಲಿ ಬಹಳ ಜನ ಈಗ ಅಲ್ಲೇ ಇದ್ದಾರೆ. ಹಳೇ ಪದ್ಧತಿಯಲ್ಲಿ ಇರೋರಿಗೂ 2,000ಕ್ಕಿಂತ ಜಾಸ್ತಿ ಕ್ಯಾಶಲ್ಲಿ ಕೊಟ್ರೆ ಲೆಕ್ಕಕ್ಕಿಲ್ಲ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ನಂಬರ್‌ಗಳೂ ಬದಲಾಗಿವೆ, ಆಡಿಟರ್ ಹತ್ರ ಕೂತು ಮಾತಾಡಿ. ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ಎತ್ತಿಡೋ ಸಿಎಸ್‌ಆರ್ ದುಡ್ಡಿಗೆ ಕೈ ಹಾಕ್ಬೇಕು ಅಂದ್ರಂತೂ ಈ ಕಾಗದಗಳು ಬೇಕೇ ಬೇಕು, ಆ ದುಡ್ಡು ಹಾಕಬಹುದಾದ ಕೆಲಸಗಳ ಪಟ್ಟಿಯಲ್ಲಿ ಕಲೆ ಸಂಸ್ಕೃತಿ ಇದೆ, ಆದ್ರೆ ನಿಮ್ಮಷ್ಟು ಸಣ್ಣ ತಂಡಕ್ಕೆ ಅದು ಇವತ್ತಿನ ದಾರಿ ಅಲ್ಲ.

ಇನ್ನು ಲಾಭ ಇಲ್ಲದ ಸಂಸ್ಥೆ ಅಂದ್ರೆ ದುಡ್ಡು ಉಳಿಸೋ ಹಾಗಿಲ್ಲ ಅನ್ನೋ ತಪ್ಪು ತಿಳುವಳಿಕೆ ನಿಮ್ಮಲ್ಲೂ ಇರಬಹುದು, ಯಾಕಂದ್ರೆ ನಿಮ್ಮ ಪತ್ರದಲ್ಲಿ ಉಳಿತಾಯ ಅನ್ನೋ ಮಾತೇ ಇಲ್ಲ. ಉಳಿಸಬಹುದು. ಉಳಿದಿದ್ದನ್ನ ನೀವು ನೀವೇ ಹಂಚ್ಕೊಳೋ ಹಾಗಿಲ್ಲ, ಅಷ್ಟೇ. ಆದಾಯ ತೆರಿಗೆ ನೋಂದಣಿ ಇರೋ ಸಂಸ್ಥೆ ವರ್ಷದ ಆದಾಯದಲ್ಲಿ ಶೇ. 85ರಷ್ಟು ಉದ್ದೇಶಕ್ಕೆ ಖರ್ಚು ಮಾಡಿ ಉಳಿದ ಶೇ. 15 ಇಟ್ಕೋಬಹುದು, ಇನ್ನೂ ಜಾಸ್ತಿ ಉಳಿಸೋಕೂ ದಾರಿ ಇದೆ. ಆರು ತಿಂಗಳ ಬಾಡಿಗೆ ಬ್ಯಾಂಕಲ್ಲಿ ಇರೋ ತಂಡ ಓನರ್ ಮುಂದೆ ಕೂತು ಮಾತಾಡೋ ರೀತಿನೇ ಬೇರೆ.

ಅಕಾಡೆಮಿ ಮಾಡೋಣ ಅಂತಿರೋ ಗೆಳೆಯರ ಮಾತನ್ನ ತಳ್ಳಿಹಾಕ್ಬೇಡಿ, ಅವರಿಗೂ ಸುಸ್ತಾಗಿದೆ. ಅದೇ ನಾಲ್ಕು ಜನ ಕುರ್ಚಿ ಹಾಕಿ, ಅವರೇ ಬಣ್ಣ ಹಚ್ಚಿ, ಅವರೇ ಕಸ ಗುಡಿಸಿ, ಕೊನೇಗೆ ಕೈಯಿಂದ ದುಡ್ಡೂ ಹಾಕಿದ್ರೆ ಯಾರಿಗಾದ್ರೂ ಸಾಕಾಗುತ್ತೆ. ಶಿಬಿರದಲ್ಲಿ ಪಾಠ ಮಾಡೋರಿಗೆ, ಲೈಟ್ ಮಾಡೋ ಹುಡುಗನಿಗೆ ನ್ಯಾಯವಾದ ಗೌರವಧನ ಕೊಡೋದು ಲಾಭರಹಿತ ಸಂಸ್ಥೆಗೆ ನಿಷಿದ್ಧ ಏನಲ್ಲ, ಅದನ್ನ ಶುರು ಮಾಡಿ. ಶಿಬಿರದ ಫೀಸನ್ನೂ ಸ್ವಲ್ಪ ಏರಿಸಿ. ಆದ್ರೆ ವರ್ಷವಿಡೀ ಕ್ಲಾಸೇ ಕ್ಲಾಸು ಆದ್ರೆ ನಾಟಕಕ್ಕೆ ಸಂಜೆಗಳೇ ಉಳಿಯಲ್ಲ, ಶಿಬಿರದ ಹಿಂದೆ ಹೋಗಿ ನಾಟಕ ಆಡೋದನ್ನೇ ಬಿಟ್ಟ ತಂಡಗಳನ್ನ ನೋಡಿದ್ದೀನಿ. ಸೊಸೈಟಿನ ಹಂಗೇ ಪ್ರೈವೇಟ್ ಮಾಡಕ್ಕೂ ಬರಲ್ಲ. ಮುಚ್ಚಿದ್ರೆ ಉಳಿದ ಲೈಟು, ಸ್ಪೀಕರ್ರು, ಠೇವಣಿ ಯಾವುದೂ ಸದಸ್ಯರಿಗೆ ಸೇರಲ್ಲ, ಅಂಥದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗ್ಬೇಕು.

ಕೊನೇದಾಗಿ ಆ ಲೇಔಟಿನೋರ ವಿಚಾರ. ದುಡ್ಡು ಕೊಡೋರು ಕೆಟ್ಟೋರು ಅಂತ ನಾನು ಅನ್ನಲ್ಲ, ಆದ್ರೆ ಹೆಸರಿನ ಮುಂದೆ ಹೆಸರು ಬೇಡ. ಒಂದು ವರ್ಷ ಆದ್ಮೇಲೆ ಅವರು ಬಿಟ್ಟು ಹೋದ್ರೆ ಆ ಬೋರ್ಡು ಇಳಿಸೋ ಹೊತ್ತಿಗೆ ನೂರು ಮನೆಯೋರು, ಓಹ್ ಇವರಿಗೆ ಸ್ಪಾನ್ಸರ್ ಇದ್ದಾರಲ್ಲ ನಾವ್ಯಾಕೆ ಕೊಡ್ಬೇಕು ಅಂತ ದೂರ ಸರಿದಿರ್ತಾರೆ. ಜೊತೆಗೆ ನಾಳೆ ನೀವು ಜಮೀನು ಕಳ್ಕೊಂಡ ರೈತನ ಬಗ್ಗೆ ಒಂದು ನಾಟಕ ಆಡಬೇಕು ಅಂದ್ರೆ? ಯಾವ ಒಬ್ಬರಿಂದಲೂ ವರ್ಷದ ಖರ್ಚಿನ ಕಾಲು ಭಾಗಕ್ಕಿಂತ ಜಾಸ್ತಿ ತಗೋಬೇಡಿ ಅಂತ ನಾನು ಎಲ್ಲರಿಗೂ ಹೇಳ್ತೀನಿ. ಅವರ ಹತ್ರ ಹೋಗಿ, ಬಾಡಿಗೆ ಬೇಡ ಸರ್, ಈ ವರ್ಷದ ಮಕ್ಕಳ ನಾಟಕದ ಲೈಟು ಸೆಟ್ಟಿನ ಖರ್ಚು ಹೊತ್ಕೊಳಿ, ಕರಪತ್ರದಲ್ಲಿ ಸಹಕಾರ ಅಂತ ನಿಮ್ಮ ಹೆಸರು ಹಾಕ್ತೀವಿ, ಮುಂದಿನ ಸಾಲಲ್ಲಿ ಮನೆಯೋರ ಜೊತೆ ಬಂದು ಕೂರಿ ಅಂತ ಕೇಳಿ. ನಾಟಕದ ಮೇಲೆ ಪ್ರೀತಿ ಇದ್ರೆ ಒಪ್ತಾರೆ, ಬೋರ್ಡಿನ ಮೇಲೆ ಮಾತ್ರ ಇದ್ರೆ ಒಪ್ಪಲ್ಲ, ಯಾವುದಾದ್ರೂ ನಿಮಗೆ ಬೇಗ ಗೊತ್ತಾಗುತ್ತೆ. ಓನರ್ ಹತ್ರ ಈ ವಾರವೇ ಹೋಗಿ, ಆರು ತಿಂಗಳು 17,000, ಆಮೇಲೆ 20,000 ಅಂತ ಮಾತಾಡಿ, ಎರಡು ವರ್ಷದ ಅಗ್ರಿಮೆಂಟ್ ಬರಹದಲ್ಲಿ ಮಾಡಿಸ್ಕೊಳಿ. ಮನೆ ಮನೆಗೆ ಹೋಗೋ ಕೆಲಸಕ್ಕೆ ನಿಮಗೆ ಆ ಆರು ತಿಂಗಳು ಬೇಕು.